ದೊಡ್ಡಪ್ಪನ ಆಲಿವ್ ಎಲೆ

ನಮ್ಮ ದೊಡ್ಡಪ್ಪನ ಜೊತೆ ಸೊಪ್ಪು ತರಲು ಹೋಗುವಷ್ಟು ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಪುದೀನ ಕಟ್ಟು ಕೈಗೆ ಬಂದರೆ ಸಾಕು, "ಪುದೀನದಲ್ಲೂ ದೇವರ ಪಾಲು ಲೆಕ್ಕ ಹಾಕಿ ಕೊಟ್ಟು, ನ್ಯಾಯ ಮರೆತೋರನ್ನ ಯೇಸು ಬೈದದ್ದು ಗೊತ್ತೇನಮ್ಮ?" ಎಂದು ಸೊಪ್ಪಿನಾಕೆಯನ್ನೇ ಕೇಳುತ್ತಾರೆ. ಆಕೆ, ಪಾಪ, "ನಾನ್ಯಾರ್ಗೂ ಬೈದಿಲ್ಲ ಸಾರ್, ಎರಡ್ ಕಟ್ಟು ತಕೊಳಿ" ಎನ್ನುತ್ತಾಳೆ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಲಿಲ್ಲ. ಸರಸ್ವತಿಪುರಂನಲ್ಲಿ ಒಂದೇ ಕಾಂಪೌಂಡಿನ ಎರಡು ಮನೆಗಳಲ್ಲಿ ಒಂದು ಅವರದು, ಇನ್ನೊಂದು ನಮ್ಮದು. ಬೈಬಲ್ಲಿನ ಗಿಡಮರಗಳಿಗೆಲ್ಲ ಒಂದೊಂದು ಅರ್ಥವಿದೆ, ಅದನ್ನು ಲೋಕಕ್ಕೆ ಸಾರುವ ಕೆಲಸ ತಮ್ಮದು ಎಂದು ನಂಬಿದ್ದಾರೆ. ಒಮ್ಮೆ ಚರ್ಚಿನಲ್ಲಿ ಫಾದರ್, ಸಾಸಿವೆ ಕಾಳಿನಷ್ಟು ವಿಶ್ವಾಸವಿದ್ದರೆ ಸಾಕು ಎಂದು ಪ್ರಬೋಧನೆ ಮಾಡಿದರು. ಪೂಜೆ ಮುಗಿದದ್ದೇ ದೊಡ್ಡಪ್ಪ ಜೇಬಿನಿಂದ ಪೊಟ್ಟಣ ತೆಗೆದರು.

"ಫಾದರ್, ಗಸಗಸೆ ಇನ್ನೂ ಚಿಕ್ಕದು. ನನ್ನಂಥೋರಿಗೆ ಇಷ್ಟರಲ್ಲೇ ಆಗತ್ತಾ?"

"ಪಾಯಸಕ್ಕಾದ್ರೆ ಆಗತ್ತೆ ಮೇಷ್ಟ್ರೇ" ಎಂದರು ಫಾದರ್.

ಇಂಥದ್ದಕ್ಕೆಲ್ಲ ನಗುತ್ತಿದ್ದ ನಮ್ಮ ಮನೆಯಲ್ಲಿ ನಗು ನಿಂತದ್ದು ಅಂಜೂರದ ಮರದಿಂದ. ದೊಡ್ಡಪ್ಪ ನೆಟ್ಟ ಮರ. ಮೂರು ವರ್ಷ ಕಾದರೂ ಒಂದು ಕಾಯಿ ಬಿಡಲಿಲ್ಲ. ಬೇರು ಮಾತ್ರ ನೀರಿನ ಸಂಪಿನ ಗೋಡೆ ಸೀಳಿತು. ಅವರು ಚರ್ಚಿಗೆ ಹೋಗಿದ್ದಾಗ ಅಪ್ಪ ಆಳು ಕರೆಸಿ ಕಡಿಸಿಬಿಟ್ಟರು.

"ಯೇಸು ಹೇಳಿದ ಅಂಜೂರದ ಸಾಮತಿ ಕಥೇಲಿ ತೋಟದವನು, ಇನ್ನೊಂದು ವರ್ಷ ಬಿಡಿ, ಗೊಬ್ಬರ ಹಾಕ್ತೀನಿ ಅಂತ ಬೇಡ್ಕೊಂಡ ಕಣೋ. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದರು ದೊಡ್ಡಪ್ಪ, ಬುಡದ ಮುಂದೆ ನಿಂತು.

"ಆ ತೋಟದವನ ಮನೇಲಿ ಸಂಪು ಸೋರ್ತಿರ್ಲಿಲ್ಲ" ಎಂದರು ಅಪ್ಪ.

ಅಷ್ಟೇ. ಎರಡು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ. ಕ್ರಿಸ್ಮಸ್ ತಿಂಡಿಯ ಡಬ್ಬಿ ನನ್ನ ಕೈಯಲ್ಲೇ ಅತ್ತಿಂದಿತ್ತ ಓಡಾಡಿತು.

ಈ ವರ್ಷ ದೊಡ್ಡಪ್ಪನೇ, "ರಾಜಿ ಮಾಡ್ಕೊಂಬುಡ್ಬೇಕು ಕಣೆ" ಎಂದರು. "ಹೋಗಿ ಬಾಗಿಲು ತಟ್ಟಿ" ಅಂದೆ.

"ಬರಿಗೈಲಾ? ಜಲಪ್ರಳಯ ಇಳಿದ ಮೇಲೆ ಪಾರಿವಾಳ ನೋಹನ ಹತ್ರ ಸುಮ್ನೆ ಬಂತಾ? ಆಲಿವ್ ಎಲೆ ಕಚ್ಕೊಂಡು ಬಂತು. ಸಮಾಧಾನದ ಗುರುತು ಅದು."

ಮೈಸೂರಿನಲ್ಲಿ ಆಲಿವ್ ಎಲ್ಲಿಂದ ತರುವುದು? ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೂರು ನರ್ಸರಿ ಸುತ್ತಿದೆ. ಕೊನೆಯವನು, "ಆಲಿವ್ ಇಲ್ಲ ಸಾರ್, ನೆಲ್ಲಿ ಐತೆ. ನೋಡಕ್ಕೆ ಅಂಗೇ ಇರತ್ತೆ" ಎಂದ. ದೊಡ್ಡಪ್ಪ ಕೆರಳಿದರು. "ನೋಹ ಏನು ಉಪ್ಪಿನಕಾಯಿ ಹಾಕಕ್ಕೆ ಕಾಯ್ತಿದ್ನೇನಯ್ಯ?"

ಕಳೆದ ತಿಂಗಳು ಒಂದು ಭಾನುವಾರ ಸಂಜೆ ಪಿಜ್ಜಾ ತರಿಸಿಕೊಂಡೆ. ಅಪ್ಪನಿಗೆ ಅದರ ವಾಸನೆಯೇ ಆಗದು, ಹಾಗಾಗಿ ದೊಡ್ಡಪ್ಪನ ಮನೆಯಲ್ಲಿ ಕೂತು ತಿನ್ನುತ್ತಿದ್ದೆ. ಅವರು ಬಗ್ಗಿ, "ಇದೇನೆ, ಕರಿ ಕರಿ ಬಳೆ?" ಎಂದರು.

"ಆಲಿವ್."

ದೊಡ್ಡಪ್ಪ ಎದ್ದು ನಿಂತರು. ಒಂದೊಂದೇ ಚೂರು ಆಯ್ದು ಸ್ಟೀಲ್ ತಟ್ಟೆಗೆ ಹಾಕಿಕೊಂಡರು, ಏಳು ಚೂರು. ಉಟ್ಟ ಲುಂಗಿಯಲ್ಲೇ ನಮ್ಮ ಮನೆಗೆ ನಡೆದರು. ನಾನು ಪಿಜ್ಜಾ ಬಿಟ್ಟು ಹಿಂದೆ.

ಅಪ್ಪ ಊಟಕ್ಕೆ ಕೂತಿದ್ದರು. ತಟ್ಟೆ ನೋಡಿದರು, ಅಣ್ಣನನ್ನು ನೋಡಿದರು.

"ಏನಿದು, ನಲ್ಲಿ ವಾಷರ್ರಾ?"

"ಆಲಿವ್ ಕಣೋ. ಎಲೆ ಸಿಗ್ಲಿಲ್ಲ."

ನೋಹನ ಕಥೆ ಅಪ್ಪನಿಗೇನು ಗೊತ್ತಿಲ್ಲವೇ? ಒಂದು ಚೂರು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿಕೊಂಡಿತು. "ಬರೀ ಉಪ್ಪು" ಎಂದರು, ಆದರೂ ನುಂಗಿದರು. ಆಮೇಲೆ ಪಕ್ಕದ ಕುರ್ಚಿ ಎಳೆದು, "ಕೂತ್ಕೊ ಅಣ್ಣ" ಎಂದರು.

ಅಮ್ಮ ಇನ್ನೊಂದು ತಟ್ಟೆ ತಂದಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೇಳಿದರೆ, ಈರುಳ್ಳಿ ಅಂದರು.

ಅಂದು ಮೀನಿನ ಸಾರು. ಅಪ್ಪ ಒಂದು ತುಂಡು ತೆಗೆದು, ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ, ಮುಳ್ಳಿಲ್ಲದ ಮೀನನ್ನು ಅಣ್ಣನ ಅನ್ನದ ಮೇಲಿಟ್ಟರು. ನಾನು ಅವರನ್ನೇ ನೋಡಿದೆ.

"ನಿಮ್ಮ ದೊಡ್ಡಪ್ಪಂಗೆ ಎಡಗಣ್ಣು ಸರಿಯಾಗಿ ಕಾಣಲ್ಲ ಕಣೆ" ಎಂದರು ಅಪ್ಪ ಮೆಲ್ಲಗೆ. "ಆರು ತಿಂಗಳಿಂದ ಮೆಟ್ಟಿಲು ತಡಕ್ಕೊಂಡು ಇಳೀತಾರೆ. ನೋಡಿಲ್ವಾ?"

ದಿನಾ ಅವರ ಜೊತೆಯಲ್ಲೇ ಸುತ್ತುವ ನಾನು ನೋಡಿರಲಿಲ್ಲ. ಮಾತು ಬಿಟ್ಟಿದ್ದ ಅಪ್ಪ ಕಿಟಕಿಯಿಂದ ದಿನವೂ ನೋಡಿದ್ದರು. ದೊಡ್ಡಪ್ಪ ಯಾವ ಬೈಬಲ್ ವಾಕ್ಯವನ್ನೂ ಹೇಳದೆ, ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಪ್ಪ ಇನ್ನೊಂದು ತುಂಡಿಗೆ ಕೈ ಹಾಕಿದರು.