ನೆತ್ತಿಯ ಮುಲಾಮಿನ ಆರು ತಿಂಗಳು

ನನ್ನ ವಯಸ್ಸು ಇಪ್ಪತ್ತನಾಲ್ಕು. ಪದವಿ ಇದೆ. ಕೆಲಸವಿಲ್ಲ. ನೆತ್ತಿಯಲ್ಲಿ ಕಲೆಗಟ್ಟಿ ಕೂದಲು ಉದುರಿದ ಜಾಗ ಒಂದಿದೆ. ಕಲೆಗಟ್ಟಿದಲ್ಲಿ ಕೂದಲು ಮತ್ತೆ ಹುಟ್ಟುವುದಿಲ್ಲ. ಅದು ಹರಡದಂತೆ ತಡೆಯಲು ಯತ್ನಿಸಬಹುದು. ಅಂಥದೊಂದು ಮುಲಾಮಿನ ಪರೀಕ್ಷೆಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಆರು ತಿಂಗಳು ತಲೆಯೊಡ್ಡಿದೆ. ಇಂಥ ತಲೆ ಹೊತ್ತವರಿಗೆ ನಗುವ ಪ್ರಸಂಗಗಳ ಕೊರತೆಯಿಲ್ಲ.

ಸಲಹೆ

ಗೋಪಾಳದ ನಮ್ಮ ಪಕ್ಕದ ಮನೆಯಾಕೆ ಸಮಾಧಾನ ಹೇಳಿದರು: "ಬುದ್ಧಿವಂತರಿಗೇ ಕಣೆ ಕೂದಲು ಉದುರೋದು."

ಅಮ್ಮ ಕೇಳಿದಳು: "ಮತ್ತೆ ಇವಳಿಗೆ ಕೆಲಸ ಯಾಕೆ ಸಿಕ್ಕಿಲ್ಲ?"

"ಇನ್ನೂ ಪೂರ್ತಿ ಉದುರಿಲ್ಲವಲ್ಲ!"

ಎರಡು ಟ್ಯೂಬು

ಅರ್ಧ ಟ್ಯೂಬುಗಳಲ್ಲಿ ಔಷಧಿ, ಉಳಿದವುಗಳಲ್ಲಿ ಬರೀ ಮುಲಾಮು. ಯಾವುದು ಯಾರಿಗೆಂದು ಡಾಕ್ಟರಿಗೂ ತಿಳಿಸಿರಲಿಲ್ಲ. ಅದೇ ಪರೀಕ್ಷೆಗೆ ಭದ್ರಾವತಿಯ ಕಾಗದನಗರದಿಂದ ಬರುತ್ತಿದ್ದ ಅಕ್ಕ ಒಬ್ಬರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನಂದ್ರಲ್ಲಿ ಅರ್ಧ ನೀನು ಹಚ್ಚು, ನಿಂದ್ರಲ್ಲಿ ಅರ್ಧ ನಾನು ಹಚ್ತೀನಿ. ಒಂದ್ರಲ್ಲಾದ್ರೂ ಔಷಧಿ ಇರುತ್ತೆ."

ಹಾಗೆ ಬೆರೆಸಿದರೆ ಪರೀಕ್ಷೆಯೇ ಕೆಡುತ್ತದೆ, ಮುಂದೆ ಯಾವ ಹೆಣ್ಣಿಗೂ ಉಪಯೋಗವಾಗದು ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಅಕ್ಕ ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡರು.

"ಇಷ್ಟು ಓದಿಸಿದಾರೆ, ಹಂಚ್ಕೊಳ್ಳೋದು ಯಾರೂ ಕಲಿಸ್ಲಿಲ್ವಾ ಮಾರಾಯ್ತಿ?"

ಕೊನೆಯ ಫೋಟೋ

ಕಲೆ ಹರಡಿದೆಯೋ ನಿಂತಿದೆಯೋ ಎಂಬುದನ್ನು ಕೊನೆಯ ದಿನದ ಫೋಟೋ ಹೇಳಬೇಕಿತ್ತು. ನಾನು ಎಂದಿನಂತೆ ತಲೆಗೆ ದುಪಟ್ಟಾ ಬಿಗಿದು ಕುಳಿತಿದ್ದೆ. ಅಕ್ಕ ಒಳಗೆ ಬಂದರು. ತಲೆ ನುಣ್ಣಗೆ ಬೋಳಾಗಿತ್ತು.

ಡಾಕ್ಟರು ಕುರ್ಚಿ ಹಿಡಿದುಕೊಂಡರು. "ಏನಮ್ಮಾ ಇದು?"

"ಕೂದಲು ಉದುರೋದು ನಿಂತ್ರೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ ಡಾಕ್ಟ್ರೆ. ನಿಂತಿತು. ಕೊಟ್ಟೆ."

"ಫೋಟೋ ಆಗೋವರೆಗೆ ತಡೀಬಾರದಿತ್ತಾ?"

"ನೀವಾದ್ರೆ ಬೇರೆ ತಾರೀಕು ಕೊಡ್ತೀರಿ. ದೇವರನ್ನ ಕಾಯ್ಸೋಕಾಗುತ್ತಾ?"

ಡಾಕ್ಟರು ಬಹಳ ಹೊತ್ತು ಮಸೂರ ಹಿಡಿದು ನೋಡಿದರು. ಕಲೆಯ ಅಂಚು ಇದ್ದಲ್ಲೇ ಇತ್ತು. ಫೋಟೋ ತೆಗೆದರು. "ಇಷ್ಟು ಸ್ಪಷ್ಟವಾದ ಫೋಟೋ ಈವರೆಗೆ ಯಾರದೂ ಬಂದಿಲ್ಲ" ಎಂದು ಅವರೇ ನಕ್ಕುಬಿಟ್ಟರು.

ಅಕ್ಕ ಭದ್ರಾವತಿಯಿಂದ ತುಂಬಿದ ಬಸ್ಸಿನಲ್ಲಿ ಆ ತಲೆಗೆ ಸೆರಗೂ ಹೊದೆಯದೆ ಬಂದಿದ್ದರು. ನನ್ನ ಕಲೆಯ ಅಂಚೂ ಕದಲಿರಲಿಲ್ಲ. ಟ್ಯೂಬಿನಲ್ಲಿ ಏನಿತ್ತೋ ಇನ್ನೂ ತಿಳಿಯದು. ಆದರೆ ಅಂದು ಗೋಪಾಳದ ಬಸ್ಸಿನಲ್ಲಿ ನಾನು ದುಪಟ್ಟಾವನ್ನು ಹೆಗಲಿಗಿಳಿಸಿ ಕುಳಿತೆ. ಆ ಉಪಕಾರ ಯಾರದೆಂದು ಮಾತ್ರ ನನಗೆ ಖಚಿತವಾಗಿ ಗೊತ್ತು.

ನೆತ್ತಿ ಉರಿದು, ತುರಿಸಿ, ಕೂದಲಿಲ್ಲದ ಜಾಗ ನುಣುಪಾಗಿ ಹೊಳೆಯತೊಡಗಿದರೆ ಎಣ್ಣೆ ಬದಲಿಸುತ್ತ ಕೂರದೆ ಬೇಗ ಚರ್ಮದ ಡಾಕ್ಟರಿಗೆ ತೋರಿಸಬೇಕು. ಇದನ್ನು ನಿಮಗೆ ಗೊತ್ತಿರುವ ಹೆಂಗಸರಿಗೆಲ್ಲ ದಯವಿಟ್ಟು ದಾಟಿಸಿ. ಹರಕೆ ಹೊತ್ತವರಿದ್ದರೆ, ಮೊದಲು ಫೋಟೋ ಎಂದೂ ತಿಳಿಸಿ.