ತಂದೆ ಬೇರೆ ಬರಿ

ಮಡಂತ್ಯಾರು ಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಮದುವೆಗಳು ಹೇಗೆಲ್ಲ ಹಾಳಾಗಬಹುದೋ ಅಷ್ಟನ್ನೂ ಕಣ್ಣಾರೆ ಕಂಡವನು ನಾನು. ಮುಹೂರ್ತಕ್ಕೆ ಸರಿಯಾಗಿ ಕರೆಂಟು ಹೋದದ್ದು, ಅಡುಗೆಯವರು ಬೇರೆ ಮದುವೆಯಲ್ಲಿ ಒಲೆ ಹಚ್ಚಿದ್ದು, ಮದುಮಗನ ದಿಬ್ಬಣ ಪಕ್ಕದ ಹಾಲ್‌ಗೆ ನುಗ್ಗಿ ಅಲ್ಲಿಯೇ ಉಂಡು ಬಂದದ್ದು, ಎಲ್ಲ ಗೊತ್ತು. ಆದ್ದರಿಂದ ಮದುವೆಗೆ ವಿಮೆ ಆರಿಸಲು ಇಡೀ ಜಿಲ್ಲೆಯಲ್ಲಿ ನನಗಿಂತ ಯೋಗ್ಯ ವ್ಯಕ್ತಿ ಇಲ್ಲವೆಂದು ನಂಬಿದ್ದೆ. ಈಗಲೂ ನಂಬಿದ್ದೇನೆ!

ನನ್ನ ತಂಗಿ ಶಶಿಕಲಾಳ ಮಗಳು ದೀಕ್ಷಾಳ ಮದುವೆ ಮಸ್ಕತ್ತಿನಲ್ಲಿ ನಿಶ್ಚಯವಾಗಿತ್ತು. ಹುಡುಗನ ಮನೆಯವರೆಲ್ಲ ಅಲ್ಲಿಯೇ ನೆಲೆಸಿದವರು. ಅವನ ಅಜ್ಜಿಗೆ ವಿಮಾನ ಹತ್ತಲು ಡಾಕ್ಟರು ಬಿಡುವುದಿಲ್ಲ. ಒಂದು ದಿನ ಶಶಿಕಲಾ ಬೆಳುವಾಯಿಯಿಂದ ಫೋನ್ ಮಾಡಿದಳು.

"ಅಣ್ಣಾ, ಮದುವೆಗೆ ಇನ್ಶೂರೆನ್ಸ್ ಅಂತ ಉಂಟಂತೆ. ಯಾರಿಗಾದರೂ ಹುಷಾರಿಲ್ಲದೆ ಮದುವೆ ಮುಂದೆ ಹೋದರೆ ಹಾಲ್, ಟಿಕೆಟ್ ಎಲ್ಲದರ ಖರ್ಚು ಕಂಪೆನಿಯವರು ಕೊಡ್ತಾರಂತೆ. ಯಾವುದು ಒಳ್ಳೇದು ಅಂತ ನೋಡ್ತೀಯಾ?"

"ನೋಡುವುದೆಂತ, ಮಾಡಿಯೇ ಬಿಡ್ತೇನೆ!" ಎಂದೆ.

ಅಡುಗೆಮನೆಯಿಂದ ನನ್ನ ಹೆಂಡತಿ ವಿಜಯ ಹೇಳಿದಳು, "ಮೊದಲು ನಿಮ್ಮ ಸ್ಕೂಟರಿಂದು ಮಾಡಿ ಮಾರಾಯ್ರೆ. ಅದು ಮುಗಿದು ದೀಪಾವಳಿಗೆ ವರ್ಷ ಆಗ್ತದೆ."

ಇಂಥ ಕ್ಷುಲ್ಲಕ ಟೀಕೆಗಳಿಗೆ ಉತ್ತರಿಸುವ ಅಭ್ಯಾಸ ನನಗಿಲ್ಲ.

ಮೊದಲು ಬಿ.ಸಿ.ರೋಡಿನ ಪರಿಚಯದ ಏಜೆಂಟರನ್ನು ಕಂಡೆ. ಅವರು ಕನ್ನಡಕ ಒರೆಸಿ, "ಟೆಂಪೋಗೆ ಉಂಟು, ದನಕ್ಕೆ ಉಂಟು. ಮದುವೆಗೆ ನಮ್ಮಲ್ಲಿ ಇಲ್ಲ ಸುಂದರಣ್ಣ" ಎಂದರು. "ದನಕ್ಕಾದರೆ ಕಿವಿಗೆ ಓಲೆ ಹಾಕ್ತೇವೆ, ಗುರುತಿಗೆ. ಮದುಮಗಳಿಗೆ ಹೇಗೂ ಓಲೆ ಇರ್ತದೆ. ಆದರೂ ಮೇಲಿನವರು ಒಪ್ಪಲಿಕ್ಕಿಲ್ಲ."

ಹಾಗಾಗಿ ದೊಡ್ಡ ಕಂಪೆನಿಯೊಂದಕ್ಕೆ ನೇರವಾಗಿ ಫೋನ್ ಮಾಡಿದೆ. ಕನ್ನಡದಲ್ಲಿಯೇ ಮಾತಾಡಬೇಕು, ಪಾಲಿಸಿಯೂ ಕನ್ನಡದಲ್ಲಿಯೇ ಬರಬೇಕು ಎಂದು ಹಟ ಹಿಡಿದೆ. ಬೆಂಗಳೂರಿನ ಒಬ್ಬ ಮೇಡಂ ಸಿಕ್ಕಿದರು. ಪಾಪ, ಬಹಳ ತಾಳ್ಮೆಯ ಹೆಂಗಸು. ಆ ತಾಳ್ಮೆಗೆ ನಾನೇ ಪರೀಕ್ಷೆ ಇಟ್ಟೆ ಎಂದು ವಿಜಯ ಹೇಳುತ್ತಾಳೆ.

"ಮಳೆ ಬಂದು ಶಾಮಿಯಾನ ಕುಸಿದರೆ?" ಎಂದು ಕೇಳಿದೆ.

"ಸರ್, ಮದುವೆ ಹಾಲ್ ಒಳಗಡೆ ಅಲ್ವಾ?"

"ಒಳಗಡೆಯೇ. ಆದರೂ ಕೇಳಿದೆ. ಪಾಯಸ ಒಡೆದರೆ?"

"ಊಟದ ರುಚಿ ಕವರ್ ಆಗಲ್ಲ ಸರ್. ಹತ್ತಿರದ ಸಂಬಂಧಿಕರಿಗೆ ಅಪಘಾತ, ಕಾಯಿಲೆ ಆದ್ರೆ ಕವರ್ ಆಗುತ್ತೆ. ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ."

"ಸೋದರಮಾವ?"

"ಮಾವ ಬರಲ್ಲ ಸರ್."

ಮಾವ ಬರಲ್ಲ! ನನ್ನ ರಕ್ತ ಕುದಿಯಿತು. ನಮ್ಮದು ಅಳಿಯಕಟ್ಟಿನ ಮನೆತನ. ವಂಶಕ್ಕೆ ನಾವು ತುಳುವಿನಲ್ಲಿ 'ಬರಿ' ಎನ್ನುತ್ತೇವೆ, ಅದು ತಾಯಿಯ ಕಡೆಯಿಂದ ಬರುತ್ತದೆ. ನಾನು, ನನ್ನ ತಂಗಿ, ತಂಗಿಯ ಮಗಳು ಒಂದೇ ಬರಿ. ಅವಳ ತಂದೆ ಜಗನ್ನಾಥ ಭಾವ ಬೇರೆ ಬರಿ. ಭಾವ ಬಹಳ ಒಳ್ಳೆಯವರು, ಮಾತು ಕಡಿಮೆ. ಆದರೆ ನಮ್ಮ ಮನೆಯಲ್ಲಿ ಸೋದರಮಾವನ ಕೈ ಸೇರದೆ ಧಾರೆಯ ನೀರು ಬೀಳುವುದಿಲ್ಲ. ಭಾವನಿಗೆ ಜ್ವರ ಬಂದರೆ ಮದುವೆ ನಡೆದೀತು. ನನಗೆ ಬಂದರೆ ನಡೆಯದು. ವಿಮೆ ಇಳಿಸಬೇಕಾದದ್ದು ಯಾರಿಗೆ, ನೀವೇ ಹೇಳಿ!

ಇದನ್ನು ಮೇಡಂಗೆ ವಿವರಿಸಲು ಹೊರಟೆ. ಅದೇ ಹೊತ್ತಿಗೆ ಟೆಂಪೋದಿಂದ ನಮ್ಮ ಹುಡುಗರು ಕಬ್ಬಿಣದ ಕುರ್ಚಿಗಳನ್ನು ಇಳಿಸುತ್ತಿದ್ದರು. ಆ ಗಲಾಟೆಯಲ್ಲಿ ನಾನು ಕೂಗಿ ಹೇಳಿದೆ, "ನಾನೂ ಹುಡುಗಿಯೂ ಒಂದೇ ಬರಿ ಮೇಡಂ!"

"ಒಂದೇ ಬರೀಲಾ ಸರ್?"

"ಹೌದು, ಒಂದೇ ಬರಿ!"

"ಮತ್ತೆ ಜಗನ್ನಾಥ ಅಂತ ತಂದೆ ಹೆಸರು ಹೇಳಿದ್ರಲ್ಲ?"

"ತಂದೆ ಬೇರೆ ಬರಿ!"

"ಬೇರೆ ಬರೀಬೇಕಾ? ಆಯ್ತು ಸರ್, ನೀವು ಹೇಳಿದ ಹಾಗೇ ಬರೀತೀನಿ."

ಬೆಂಗಳೂರಿನವರೊಬ್ಬರಿಗೆ ಅಳಿಯಕಟ್ಟು ಅರ್ಥಮಾಡಿಸಿದ ಹೆಮ್ಮೆಯಿಂದ ಆ ದಿನ ಎರಡು ಚಹಾ ಹೆಚ್ಚು ಕುಡಿದೆ.

ಪಾಲಿಸಿ ಬಂದಾಗ ಶಶಿಕಲಾ ಮತ್ತು ಭಾವ ನಮ್ಮ ಮನೆಯಲ್ಲಿಯೇ ಇದ್ದರು. ವಿಜಯ ಗಟ್ಟಿಯಾಗಿ ಓದಿದಳು. "ವಧು: ದೀಕ್ಷಾ. ತಾಯಿ: ಶಶಿಕಲಾ. ತಂದೆ: ಸುಂದರ."

ಸುಂದರ ಎಂದರೆ ನಾನು.

ಭಾವ ಮೆಲ್ಲಗೆ ಕೇಳಿದರು, "ನಾನು ಇಲ್ಲವಾ ಅದರಲ್ಲಿ?"

"ಇದ್ದೀರಿ" ಎಂದಳು ವಿಜಯ. "ಕೆಳಗೆ ಉಂಟು. ಜಗನ್ನಾಥ: ಇತರೆ."

ಶಶಿಕಲಾ ಹಣೆ ಚಚ್ಚಿಕೊಂಡಳು. "ಅಣ್ಣಾ, ಇದೆಂತ ಮಾಡಿ ಹಾಕಿದ್ದು? ನಾಳೆಯೇ ಸರಿ ಮಾಡಿಸು!"

ಯಾರಾದರೂ ಬುದ್ಧಿವಂತರಾಗಿದ್ದರೆ ಸರಿ ಮಾಡಿಸುತ್ತಿದ್ದರು. ನಾನು ಎದ್ದು ನಿಂತೆ. "ಮಾಡಿಸುವುದಿಲ್ಲ! ಅಷ್ಟು ದೊಡ್ಡ ಕಂಪೆನಿಯೇ ಸೋದರಮಾವ ತಂದೆಗೆ ಸಮಾನ ಅಂತ ಒಪ್ಪಿದೆ. ಮೊಹರು ಉಂಟು. ಅದನ್ನು ನಾನು ತಿದ್ದಬೇಕಾ?" ಎಂದೆ. ಭಾವ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ, "ಇತರೆ" ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿ ನೋಡಿದರು.

ಮಸ್ಕತ್ತಿಗೆ ಹೊರಡುವ ವಾರ ಬೆಳುವಾಯಿ ಮನೆಯಲ್ಲಿ ಮದರಂಗಿ ಶಾಸ್ತ್ರ. ಶಾಮಿಯಾನ ನಮ್ಮದೇ. ತೋರಣದ ಒಂದು ತುದಿ ಸಡಿಲವಾಗಿತ್ತು. ಹುಡುಗರನ್ನು ಕರೆಯಬಹುದಿತ್ತು. ಆದರೆ ಸೋದರಸೊಸೆಯ ಮದುವೆಯ ತೋರಣ! ನಾನೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹತ್ತಿದೆ.

"ಬೇಡ ಮಾರಾಯ್ರೆ, ಅದರ ಕಾಲು ಸೀಳಿದೆ" ಎಂದಳು ವಿಜಯ.

"ನಮ್ಮ ಅಂಗಡಿಯ ಕುರ್ಚಿ. ಆನೆ ಕೂತರೂ ಏನಾಗುವುದಿಲ್ಲ" ಎಂದೆ.

ಆನೆ ಕೂತಿದ್ದರೆ ಏನಾಗುತ್ತಿರಲಿಲ್ಲವೋ ಏನೋ. ನಾನು ನಿಂತೆ. ಕುರ್ಚಿ ಕಾಲು ಚಾಚಿತು, ತೋರಣ ನನ್ನ ಕೊರಳಿಗೆ ಬಿತ್ತು, ನಾನು ನೆಲಕ್ಕೆ ಬಿದ್ದೆ. ಮದರಂಗಿ ಹಚ್ಚಿದ ಕೈಗಳನ್ನು ಮೇಲೆತ್ತಿಕೊಂಡು ದೀಕ್ಷಾ "ಮಾವಾ!" ಎಂದು ಓಡಿ ಬಂದಳು.

ಮೂಡಬಿದಿರೆಯ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಾಗ ನನ್ನ ಮುಖದಲ್ಲಿ ವಿಜಯದ ನಗೆ ಇತ್ತು. ಹೆಂಡತಿ ವಿಜಯಳ ಮುಖದಲ್ಲಿ ಇರಲಿಲ್ಲ. "ಏನೂ ಹೆದರಬೇಡಿ. ಮದುವೆ ಮುಂದೂಡುವ. ಖರ್ಚೆಲ್ಲ ಕಂಪೆನಿಯದ್ದು" ಎಂದು ಎಲ್ಲರಿಗೂ ಧೈರ್ಯ ಹೇಳಿ ಫೋನ್ ಹಚ್ಚಿದೆ.

ಅದೇ ಮೇಡಂ. ಅದೇ ತಾಳ್ಮೆ. "ತಂದೆಗೆ ಏಟಾಗಿದ್ರೆ ಕವರ್ ಆಗುತ್ತೆ ಸರ್. ಆದ್ರೆ ನೀವು ಈಗ ಕ್ಲೇಮಿಗೆ ಕಳಿಸಿದ ವಧುವಿನ ಪಾಸ್‌ಪೋರ್ಟಲ್ಲಿ ತಂದೆ ಜಗನ್ನಾಥ ಅಂತ ಇದೆಯಲ್ಲ?"

"ಹೌದು. ಅವರು ಬೇರೆ ಬರಿ."

"ಬೇರೆ ಬರೆದಿದ್ದೀನಲ್ಲ ಸರ್, ಇತರೆ ಅಂತ! ನೀವೇ ತಾನೇ ಹೇಳಿದ್ದು?"

ಆಗ ನನಗೆ ಎಲ್ಲವೂ ಹೊಳೆಯಿತು. ಬರಿ ಎಂದರೆ ವಂಶ ಎಂದು ಮತ್ತೊಮ್ಮೆ ವಿವರಿಸಿದೆ. ಅವರು ಅರ್ಥ ಮಾಡಿಕೊಂಡರು. ಪೂರ್ತಿ ಅರ್ಥ ಮಾಡಿಕೊಂಡ ಮೇಲೆ, ಮಾಹಿತಿ ತಪ್ಪಾದ್ದರಿಂದ ಪಾಲಿಸಿ ರದ್ದಾಗುತ್ತದೆ ಎಂದು ವಿನಯದಿಂದ ತಿಳಿಸಿದರು.

ಶಶಿಕಲಾ ಹೇಳಿದಳು, "ಅಣ್ಣಾ, ಇನ್ನು ಮುಂದೂಡುವ ಹಾಗಿಲ್ಲ. ನಿನಗೆ ಬರಲಿಕ್ಕೆ ಆಗದಿದ್ದರೆ ಧಾರೆಗೆ ನಿನ್ನ ಜಾಗದಲ್ಲಿ ದೊಡ್ಡಮ್ಮನ ಮಗನನ್ನು ನಿಲ್ಲಿಸುವ."

ಅಲ್ಲಿಯವರೆಗೆ ಕಾಲು ಮಾತ್ರ ನೋಯುತ್ತಿತ್ತು. ದೀಕ್ಷಾ ಹುಟ್ಟಿದಾಗ ಅವಳನ್ನು ಮೊದಲು ಎತ್ತಿಕೊಂಡವನು ನಾನು. ಅವಳ ಧಾರೆಗೆ ಇನ್ನೊಬ್ಬನ ಕೈಯೇ? ಸಿಟ್ಟೂ ಬಂತು, ನಾಚಿಕೆ ಬಿಟ್ಟು ಅಳುವೂ ಬಂತು. "ವಿಮೆ ಹಾಳಾಗಿ ಹೋಗಲಿ! ಶಾಮಿಯಾನದ ಕಂಬಕ್ಕೆ ಕಟ್ಟಿ ಹೊತ್ತುಕೊಂಡು ಹೋದರೂ ಸರಿ, ನಾನು ಬರ್ತೇನೆ!" ಎಂದು ಕೂಗಿದೆ.

"ಯಾರು ಹೊರುವುದು ನಿಮ್ಮನ್ನು?" ಎಂದಳು ವಿಜಯ.

ಮೂಲೆಯಲ್ಲಿ ಕುಳಿತಿದ್ದ ಜಗನ್ನಾಥ ಭಾವ ಎದ್ದು ಬಂದರು. "ಹೊರುವುದು ಕಷ್ಟ ಭಾವ. ಗಾಲಿ ಕುರ್ಚಿ ಆದರೆ ನಾನು ತಳ್ತೇನೆ" ಎಂದರು.

ಹಾಗೆ, ಜೀವಮಾನವೆಲ್ಲ ಕುರ್ಚಿ ಬಾಡಿಗೆಗೆ ಕೊಟ್ಟವನು ಬಾಡಿಗೆ ಕುರ್ಚಿಯಲ್ಲಿ ಕುಳಿತು ಮಸ್ಕತ್ತಿಗೆ ಹೋದೆ. ವಿಮಾನ ನಿಲ್ದಾಣದಿಂದ ಮಂಟಪದವರೆಗೂ ಭಾವನೇ ತಳ್ಳಿದರು. ಧಾರೆಯ ನೀರು ನನ್ನ ಕೈ ದಾಟಿಯೇ ಬಿತ್ತು. ಅರ್ಧ ನನ್ನ ಪ್ಲಾಸ್ಟರಿನ ಮೇಲೆ ಬಿತ್ತು, ಅದು ಬೇರೆ ವಿಷಯ. ನನ್ನ ವಾದದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಬರೆದುಕೊಂಡ ಅಕ್ಷರದಲ್ಲಿ ಮಾತ್ರ ತಪ್ಪಾಯಿತು ಎಂದು ಅಲ್ಲಿಯೂ ಸಿಕ್ಕಿದವರಿಗೆಲ್ಲ ಹೇಳಿದೆ.

ಊಟದ ಹೊತ್ತಿಗೆ ಹುಡುಗನ ಅಜ್ಜಿ ನಮ್ಮಿಬ್ಬರನ್ನೂ ಹತ್ತಿರ ಕರೆಸಿಕೊಂಡರು. ನನ್ನನ್ನು ತೋರಿಸಿ, "ಇವರು ಯಾರು ಮಗಾ?" ಎಂದು ಭಾವನನ್ನು ಕೇಳಿದರು.

"ಹುಡುಗಿಯ ತಂದೆ" ಎಂದರು ಭಾವ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

"ಹಾಗಾದರೆ ನೀವು?"

"ನಾನು ಇತರೆ."

ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಇತರೆಯವರು ನನ್ನನ್ನು ಗೋಡೆಯ ಕಡೆ ತಿರುಗಿಸಿ, ಬ್ರೇಕ್ ಹಾಕಿ, ಊಟಕ್ಕೆ ಹೋದರು.