ಮೈದುನನ ಉಪ್ಪಿನ ಬಟ್ಟಲು

ಜನ ದೇವರನ್ನು ನಂಬುವಷ್ಟೇ ಗಟ್ಟಿಯಾಗಿ ನಮ್ಮ ಮೈದುನ ತಪ್ಪನ್ನು ನಂಬಿದ್ದ. ತೊಂಬತ್ತರ ದಶಕದ ಮಾತು. ರಾಯಚೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟರಾಗಿದ್ದು, ರವಿವಾರ ಸಿಂಧನೂರಿನ ನಮ್ಮ ಮನೆಗೆ ಬರುತ್ತಿದ್ದ. ಹತ್ತಾರು ಕಂಪ್ಯೂಟರುಗಳನ್ನು ಒಂದೇ ಲೆಕ್ಕಕ್ಕೆ ಹೂಡಿ, ಒಂದೆರಡು ಕೈಕೊಟ್ಟರೂ ಉತ್ತರ ಕೆಡದಂತೆ ನೋಡಿಕೊಳ್ಳುವುದು ಅವನ ಸಂಶೋಧನೆ.

"ಅಂದ್ರ ಕೆಟ್ಟದ್ದು ರಿಪೇರಿ ಮಾಡ್ತೀಯೇನು?" ಎಂದೆ.

"ಇಲ್ರೀ ವೈನಿ, ಯಂತ್ರ ಮುಟ್ಟೂದಿಲ್ಲ. ಅದಕ್ಕ ಕೆಲಸ ಹೇಳೋ ರೀತಿ ಬದಲಿಸ್ತೀನಿ. ಒಂದ ಲೆಕ್ಕ ಮೂರಕ್ಕ ಕೊಡೂದು. ಮೂರರಾಗ ಎರಡು ಒಂದ ಉತ್ತರ ಹೇಳಿದ್ರ ಅದ ಖರೆ."

ಸ್ಪೆಲ್ಲಿಂಗ್ ತಪ್ಪಿದರೆ ಕಾನ್ವೆಂಟಿನ ಸಿಸ್ಟರ್ ಮುಂದೆ ಬೆಂಚಿನ ಮೇಲೆ ನಿಂತು ಬೆಳೆದ ನನಗೆ, ತಪ್ಪಿಗೆ ಇಷ್ಟು ಮರ್ಯಾದೆ ಕೊಡುವ ಮನುಷ್ಯ ಹೊಸಬ.

ಅವನಿಗೆ ಹೆಣ್ಣು ನೋಡಲು ಲಿಂಗಸುಗೂರಿಗೆ ಹೊರಟೆವು. ಮಸ್ಕಿಯಲ್ಲಿ ಬಸ್ಸು ಬದಲಿಸಬೇಕು. ಇವನು ಮೂವರಿಗೆ ಟೈಮ್ ಎಷ್ಟಾಯಿತೆಂದು ಕೇಳಿದ. ಮೂವರೂ ಒಂದೇ ಹೇಳಿದರು. ಇನ್ನೂ ಹೊತ್ತಿದೆಯೆಂದು ನೆಮ್ಮದಿಯಾಗಿ ಮಿರ್ಚಿ ತಿಂದೆವು. ಬಸ್ಸು ಹೋಗಿತ್ತು. ಮೂವರೂ ನೋಡಿದ್ದು ಹೋಟೆಲಿನ ಗೋಡೆಯ ಅದೇ ನಿಂತ ಗಡಿಯಾರ!

"ನಿನ್ನ ಕೈಯಾಗ ವಾಚ್ ಐತಲ್ಲೋ?" ಎಂದರು ನಮ್ಮ ಯಜಮಾನರು.

"ಒಂದ ವಾಚ್ ಹೆಂಗ ನಂಬೂದು, ಅಣ್ಣಾ?"

ಆ ಸಂಬಂಧವೂ ಬಸ್ಸಿನ ಹಿಂದೆಯೇ ಹೋಯಿತು.

ಅದೇ ವರ್ಷ ಅತ್ತೆಗೆ ಮರೆವು ಶುರುವಾಯಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುವರು, ಮತ್ತೂ ಹಾಕುವರು. ಒಂದು ದಿನ ಯಜಮಾನರು ತಟ್ಟೆ ಸರಿಸಿದರು: "ಅವ್ವಾ, ಇನ್ನ ನೀ ಒಲಿ ಮುಂದ ಹೋಗಬ್ಯಾಡ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು.

ಮೈದುನ ಒಂದು ಪುಟ್ಟ ಬಟ್ಟಲು ತಂದ. "ಉಪ್ಪಿನ ಡಬ್ಬಿ ಮ್ಯಾಲೆ ಇಡ್ರಿ ವೈನಿ. ಆ ಹೊತ್ತಿಗೆ ಬೇಕಾದಷ್ಟ ಉಪ್ಪು ಇದರಾಗ ಹಾಕಿಡ್ರಿ. ಬಟ್ಟಲು ಖಾಲಿ ಆತಂದ್ರ ಹಾಕ್ಯಾಳಂತ ಅರ್ಥ. ಅವ್ವನ್ನ ಬದಲಿಸೂದು ಬ್ಯಾಡ." ಅತ್ತೆ ಒಲೆಯ ಮುಂದೆ ಉಳಿದರು. ಖಾಲಿ ಬಟ್ಟಲನ್ನು ಆಗಾಗ ಇಣುಕಿ ನೋಡಿ, "ಹಾಕೀನಿ" ಎಂದು ತಮಗೆ ತಾವೇ ಹೇಳಿಕೊಳ್ಳುವರು.

ಒಂದು ರವಿವಾರ ಸಾರು ಸಪ್ಪೆ. ಬಟ್ಟಲು ಖಾಲಿ. ಹಾಗಾದರೆ ಉಪ್ಪು ಎಲ್ಲಿ? ಮೈದುನನಿಗಾಗಿ ಮಾಡಿದ್ದ ಬೆಲ್ಲದ ಗೋಧಿ ಹುಗ್ಗಿಯಲ್ಲಿ. ಒಂದೊಂದು ತುತ್ತಿಗೇ ಮೂವರ ಕೈಯೂ ನಿಂತಿತು.

"ಹುಗ್ಗಿ ಹೆಂಗಾಗೇತೋ?" ಎಂದರು ಅತ್ತೆ. ಬೆರಳು ಆಗಲೇ ಸೆರಗಿನ ತುದಿ ಹಿಡಿದಿತ್ತು.

ಮೈದುನ ನಮ್ಮಿಬ್ಬರ ಮುಖ ನೋಡಲೇ ಇಲ್ಲ. ತಟ್ಟೆ ಚಾಚಿದ. "ಇನ್ನೊಂದು ಸೌಟು ಹಾಕು ಬೇ ಅವ್ವಾ."

ಯಜಮಾನರು ತಮ್ಮನನ್ನು ನೋಡಿದರು, ತಾಯಿಯ ಬೆರಳನ್ನು ನೋಡಿದರು. ತಾವೂ ತಟ್ಟೆ ಚಾಚಿದರು.

ಮೂವರಲ್ಲಿ ಇಬ್ಬರಾದರು. ನನ್ನನ್ನು ಕೇಳುವ ಅಗತ್ಯವೇ ಬೀಳಲಿಲ್ಲ.